ಪದಚರ್ಚೆ: ಮರ ಹತ್ತೋ ‘ಸ್ಯಾಡಲ್’ಗೆ ಜೀನು ಅನ್ನೋದಾ ಜೋಲಿ ಅನ್ನೋದಾ? ಮತ್ತೆ ‘ಮರಸು’ ಮರದಿಂದ ಬಂತಾ ಮರೆಯಿಂದ ಬಂತಾ?

ಎಲ್ಲರಿಗೂ ನಮಸ್ಕಾರ,

ನಾಲ್ಕೈದು ಪದದ ಬಗ್ಗೆ ಕೇಳೋದಿತ್ತು, ಸ್ವಲ್ಪ ಉದ್ದ ಆಗತ್ತೆ, ಯಾಕಂದ್ರೆ ಸಾಮಾನು ಎಂಥದ್ದು ಅಂತ ಹೇಳದೆ ಬರೀ ಪದ ಕೇಳಿದ್ರೆ ಉತ್ತರ ಸರಿ ಬರಲ್ಲ.

ನಾನಿರೋದು ಮಿಶಿಗನ್‌ನಲ್ಲಿ, ಊರು ಸಾಗರದ ಹತ್ರ. ಇಲ್ಲಿ ನಮ್ಮ ಪಕ್ಕದ ಮನೆಯವ್ರು ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆ ಆಡ್ತಾರೆ. ಅಕ್ಟೋಬರ್ 1ಕ್ಕೆ ಬಿಲ್ಲಿನ ಸೀಸನ್ ಶುರು, ನವೆಂಬರ್ 15ಕ್ಕೆ ಬಂದೂಕಿನದ್ದು, ಆದ್ರೆ ಅವ್ರ ಕೆಲ್ಸ ಬೇಸಿಗೇಲೇ ಶುರುವಾಗಿರತ್ತೆ, ಗ್ಯಾರೇಜಿನಲ್ಲಿ ಹೊಲಿಗೆ ಮಿಷಿನ್ ಇಟ್ಕೊಂಡು ಮರ ಹತ್ತೋ ಸಾಮಾನೆಲ್ಲ ತಾವೇ ಹೊಲ್ಕೋತಾರೆ. ಮುಖ್ಯ ಸಾಮಾನು ಸ್ಯಾಡಲ್. ಹೆಸರು ಕೇಳಿ ಕುದುರೆ ಜೀನು ಅನ್ಕೊಂಡಿದ್ದೆ, ಅದಲ್ಲ. ಕುಂಡೆ ಕೆಳಗೆ ಬರೋ ಹಾಗೆ ಒಂದು ಅಗಲದ ಗಟ್ಟಿ ಬಟ್ಟೆ, ಅದಕ್ಕೆ ಮೇಲೆ ಸೊಂಟಕ್ಕೊಂದು ಕೆಳಗೆ ತೊಡೆಗೊಂದು ಪಟ್ಟಿ, ಎರಡೂ ಪಕ್ಕದಲ್ಲಿ ಕುಣಿಕೆ, ಆ ಕುಣಿಕೆಗಳ ಮಧ್ಯ ಹೊಟ್ಟೆ ಮುಂದೆ ಒಂದು ತುಂಡು ಹಗ್ಗ, ಅಲ್ಲಿಂದ ಮರಕ್ಕೆ ಇನ್ನೊಂದು ಹಗ್ಗ. ಮರದಲ್ಲಿ ಕಾಲಿಡೋಕೆ ಒಂದು ಸಣ್ಣ ಹಲಗೆ ಬಿಗಿದು ಮೈಭಾರ ಎಲ್ಲ ಬಟ್ಟೆ ಮೇಲೆ ಬಿಟ್ಟು ಮರಕ್ಕೆ ಎದುರಾಗಿ ಒರಗ್ತಾರೆ, ಜಿಂಕೆ ಬಂದ ಕಡೆಗೆ ಕಾಂಡದ ಸುತ್ತ ತಿರುಗ್ತಾ ಕಾಂಡದ ಹಿಂದೇನೇ ಅಡಗಿರ್ತಾರೆ.

ಹೊಲಿದಿದ್ದನ್ನ ಸೀದಾ ಕಾಡಿಗೆ ಒಯ್ಯಲ್ಲ. ಮೊದ್ಲು ಹಿತ್ತಲ ಮೇಪಲ್ ಮರಕ್ಕೆ, ನೆಲದಿಂದ ಒಂದಡಿ ಎತ್ತರದಲ್ಲಿ ಕಟ್ಟಿ ಗಂಟೆಗಟ್ಟಲೆ ಜೋತು ಬಿದ್ದು ನೋಡ್ತಾರೆ, ಹೊಲಿಗೆ ಬಿಡತ್ತಾ, ಸೊಂಟ ಹಿಸುಕತ್ತಾ, ಕಾಲು ಜೋಮು ಹಿಡಿಯತ್ತಾ ಅಂತ. ಆಮೇಲೆ ಎರಡಡಿ, ಆಮೇಲೆ ಆರಡಿ, ಕೈಗೆ ಪೂರ್ತಿ ಅಭ್ಯಾಸ ಆಗೋವರೆಗೂ. ಒಬ್ರೇ ಇದ್ದಾಗ ಹತ್ತಲ್ಲ, ಹಾಗಾಗಿ ನಾನು ಕೆಳಗೆ ನಿಂತಿರ್ತೀನಿ. ನಾನು ಬೇಟೆಗೆ ಹೋಗೋನಲ್ಲ, ಆದ್ರೆ ಈ ಹತ್ತೋ ವಿದ್ಯೆ ನಂಗೂ ತುಂಬಾ ಹಿಡಿಸಿದೆ.

ಈಗ ಪದದ ವಿಷ್ಯ. ಊರಲ್ಲಿ ನನ್ನ ತಮ್ಮ ಅಡಿಕೆ ತೋಟ ನೋಡ್ಕೋತಾನೆ. ಇದರ ವಿಡಿಯೋ ನೋಡಿ, ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆ ಬರೆದು ಕಳ್ಸು, ನಮ್ಮ ಕೊನೆಗೌಡ್ರಿಗೆ (ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರು) ತೋರಿಸ್ತೀನಿ ಅಂದ. ಮರ ಹತ್ತೋದು ಅವ್ರಿಗೆ ಯಾರೂ ಕಲಿಸಬೇಕಾಗಿಲ್ಲ, ಆದ್ರೆ ಅವ್ರು ಹತ್ತೋದು ಕಾಲಿಗೊಂದು ತಳೆ (ಎರಡೂ ಪಾದಕ್ಕೆ ಸಿಕ್ಕಿಸೋ ಬಳೆ), ಕೂರೋಕೆ ಹಗ್ಗ ಕಟ್ಟಿದ ಒಂದು ಮಣೆ, ಇಷ್ಟರಲ್ಲೇ, ಕೈ ತಪ್ಪಿದ್ರೆ ಹಿಡಿಯೋಕೆ ಏನೂ ಇಲ್ಲ. ಹಾಳೆ ಬರೆಯೋಕೆ ಕೂತ್ರೆ ಪದಗಳು ಒಂದೊಂದಾಗಿ ತಡೆಯೋಕೆ ಶುರು ಮಾಡಿದ್ವು.

ಮೊದಲು ಸ್ಯಾಡಲ್. ಜೀನು, ತಡಿ, ಹಳಗನ್ನಡದ ಪಲ್ಲಣ ಮೂರೂ ಪ್ರಾಣಿ ಬೆನ್ನ ಮೇಲೆ ಹಾಕೋವು, ನಾವು ಅದರ ಮೇಲೆ ಕೂರೋದು. ಇದು ಮೇಲಿಂದ ನೇತಾಡ್ತಾ ನಮ್ಮನ್ನ ಹಿಡ್ಕೊಳ್ಳೋದು. ಅಮ್ಮ ವಿಡಿಯೋ ನೋಡಿದ ತಕ್ಷಣ “ಮಗೂನ ಜೋಲೀಲಿ ಹಾಕ್ದಂಗಿದ್ಯಲ್ಲೋ” ಅಂದ್ರು, ನಂಗೆ ಅದೇ ಸರಿ ಅನ್ನಿಸ್ತು. ಜೋಲಿ, ಜೋಲು, ಜೋತು ಬೀಳು ಎಲ್ಲ ಒಂದೇ ಮನೆಯವು. ಒಂದೇ ಅನುಮಾನ, ‘ಜೋಲಿ ಹೊಡೆ’ ಅಂದ್ರೆ ಓಲಾಡು, ಆಯ ತಪ್ಪು ಅಂತಾನೂ ಇದೆ, ಮರದ ಮೇಲೆ ಕೂರೋ ಸಾಮಾನಿಗೆ ಆ ನೆರಳು ಬೇಕಾ? ತೊಡೆ ಸಂದಿಯಿಂದ ಬರೋ ಪಟ್ಟಿಗೆ ‘ಕಾಸೆ’ ಅಂತ ಹಾಕಿದೀನಿ, ಹೊಲಿಯೋ ದಪ್ಪ ಪಟ್ಟಿಗೆ ‘ನವಾರ’, ಇವೆರಡರಲ್ಲಿ ತಕರಾರು ಇರಲಾರದು.

ಮರಕ್ಕೆ ಕಟ್ಟೋ ಹಗ್ಗ ಇದೆಯಲ್ಲ, ಇಲ್ಲಿಯವ್ರು ಟೆದರ್ ಅನ್ನೋದು, ಅದಕ್ಕೆ ಮೊದ್ಲು ‘ನೇಣು’ ಅಂತ ಬರೆದಿದ್ದೆ. ನಮ್ಮ ತೋಟದಲ್ಲಿ ನೇಣು ಅಂದ್ರೆ ಬರೀ ಹಗ್ಗ, ಕೊನೆ ಇಳಿಸುವಾಗ ಕೆಳಗೊಬ್ಬ ನೇಣು ಹಿಡಿಯೋನು ಇದ್ದೇ ಇರ್ತಾನೆ, ಹಳಗನ್ನಡದಲ್ಲೂ ಅದಕ್ಕೆ ಅಷ್ಟೇ ಅರ್ಥ. ಆದ್ರೆ ಈಗ ಪೇಟೆಯವ್ರು ಓದಿದ್ರೆ ಕಣ್ಣಿಗೆ ಬರೋದು ಬೇರೇನೇ. ಜೀವ ಉಳಿಸೋ ಹಗ್ಗಕ್ಕೆ ಆ ಹೆಸರಿಡೋಕೆ ಮನಸ್ಸು ಬರ್ಲಿಲ್ಲ, ಅಳಿಸಿ ‘ಕಣ್ಣಿ’ ಅಂದೆ. ದನ ಕರು ಕಟ್ಟೋ ಕಣ್ಣಿ, ಒಂದು ತುದಿ ಗೂಟಕ್ಕೆ ಒಂದು ತುದಿ ಕೊರಳಿಗೆ, ಅಷ್ಟು ಸುತ್ತಳತೆಯಲ್ಲಿ ಓಡಾಡಬಹುದು ದಾಟೋ ಹಾಗಿಲ್ಲ. ಇದೂ ಅದೇ ತಾನೆ? ಮನುಷ್ಯನಿಗೆ ಕಣ್ಣಿ ಅಂದ್ರೆ ಕೊನೆಗೌಡ್ರಿಗೆ ಬೇಜಾರಾದೀತಾ ಅನ್ನೋದೊಂದೇ ನನ್ನ ಚಿಂತೆ.

ಇನ್ನೊಂದು. “ಜೋಲೀಲಿ ಜೋತ್ಕೊಳ್ಳಿ, ಕಣ್ಣಿ ಜೋಲಬಾರದು” ಅಂತ ಬರೆದಿದ್ದೆ, ತಮ್ಮ ಓದಿ ಅಣ್ಣ ಇದು ಅರ್ಥ ಆಗಲ್ಲ ಅಂದ. ವಿಷ್ಯ ಏನಂದ್ರೆ ಈ ಹಗ್ಗಗಳು ಹಿಗ್ಗೋದು ಬಹಳ ಕಮ್ಮಿ, ಒಂದೆರಡು ಅಡಿ ಸಡಿಲ ಬಿಟ್ಟು ಕಾಲು ಜಾರಿದ್ರೂ ಸೊಂಟಕ್ಕೆ ಬೀಳೋ ಏಟು ಜೋರು, ಅದಕ್ಕೇ ಕಣ್ಣೀನ ತಲೆ ಮಟ್ಟಕ್ಕೆ ಕಟ್ಟಿ ಯಾವಾಗ್ಲೂ ಬಿಗಿಯಾಗೇ ಇಟ್ಟಿರ್ತಾರೆ. ಕೊನೆಗೆ “ಸಡಿಲ ಬಿಡಬೇಡಿ” ಅಂತಲೇ ಹಾಕಿದೆ.

ಆ ಬಿಗಿ ಹೆಚ್ಚು ಕಮ್ಮಿ ಮಾಡೋದು ಪ್ರೂಸಿಕ್ ಗಂಟಿನಿಂದ. ಕಾರ್ಲ್ ಪ್ರೂಸಿಕ್ ಅಂತ ಆಸ್ಟ್ರಿಯಾದ ಪರ್ವತಾರೋಹಿ, 1931ರಲ್ಲಿ ಈ ಗಂಟು ತೋರಿಸಿಕೊಟ್ಟವ್ರು, ಅವ್ರ ಹೆಸರೇ ಗಂಟಿಗೆ ನಿಂತಿದೆ. ಸಣ್ಣ ಹಗ್ಗದ ಬಳೇನ ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತೋದು, ಭಾರ ಬಿದ್ರೆ ಕಚ್ಕೊಳ್ಳತ್ತೆ, ಭಾರ ತೆಗೆದ್ರೆ ಕೈಯಲ್ಲಿ ಸರಿಸಬಹುದು. ತಮ್ಮ ಇದನ್ನ ‘ಜೀರುಗುಣಿಕೆ’ ಅಂತಾನೆ. ನಂಗೆ ಒಪ್ಪಿಗೆ ಇಲ್ಲ. ಜೀರುಗುಣಿಕೆ ಎಳೆದಷ್ಟೂ ತನ್ನ ಬಾಯನ್ನ ತಾನೇ ಸಣ್ಣ ಮಾಡ್ಕೊಳ್ಳತ್ತೆ, ಇದು ಇನ್ನೊಂದು ಹಗ್ಗಾನ ಹಿಡ್ಕೊಳ್ಳತ್ತೆ. ‘ಕಚ್ಚುಗಂಟು’ ಅನ್ನೋಣ ಅನ್ನಿಸ್ತು, ಆದ್ರೆ ಅದು ನಾನು ಕಟ್ಟಿದ ಪದ. ಗಾಡಿ ಹೊರೆ ಬಿಗಿಯೋರು, ಬಾವಿಗೆ ಇಳಿಯೋರು ಇಂಥ ಗಂಟಿಗೆ ಏನಾದ್ರೂ ಅಂತಿದ್ರೆ ದಯವಿಟ್ಟು ತಿಳಿಸಿ, ನಂಗೆ ನಿಜವಾಗ್ಲೂ ಬೇಕು.

ಹತ್ತೋವಾಗ ಸೊಂಟದಿಂದ ಮರ ಬಳಸಿ ಬರೋ ಹಗ್ಗಕ್ಕೆ ‘ಬಳಸುಹಗ್ಗ’ ಅಂದೆ. ಇದರ ಬಗ್ಗೆ ಕೊನೆಗೌಡ್ರು ಹೇಳಿ ಕಳ್ಸಿದ ಮಾತು ಸರಿಯಾಗಿದೆ: ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೇ ದಾಟುವಾಗ ಇದನ್ನ ಬಿಚ್ಚಲೇಬೇಕು, ಬಿಚ್ಚೋ ಹೊತ್ತೇ ಅಪಾಯದ್ದು. ಹಾಗಾಗಿ ಬಳಸುಹಗ್ಗ ಎರಡು ಇರಬೇಕಾಗತ್ತೆ, ಹೊಸದು ಹಾಕಿದ ಮೇಲೇ ಹಳೇದು ಬಿಚ್ಚೋದು, ಅಡಿಕೆ ಮರದ ಸಪೂರ ಕಾಂಡ ಇದಕ್ಕೆಲ್ಲ ತಡೆಯತ್ತಾ ಅನ್ನೋದನ್ನ ನನ್ನ ತಮ್ಮ ನೆಲದ ಮಟ್ಟದಲ್ಲೇ ನೋಡಬೇಕಿದೆ.

ಕೊನೇದು, ನಂಗೆ ತುಂಬಾ ದಿನದಿಂದ ಕಾಡ್ತಿರೋದು. ಅಜ್ಜ ಹೇಳ್ತಿದ್ರು, ಅವ್ರ ಕಾಲದಲ್ಲಿ ಹಣ್ಣು ಬಿಟ್ಟ ಮರದ ಮೇಲೆ ರಾತ್ರಿ ‘ಮರಸು ಕೂರ್ತಿದ್ರು’ ಅಂತ, ಅಂದ್ರೆ ಬೇಟೆಗೆ ಅಡಗಿ ಕಾಯ್ತಾ ಕೂರೋದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೇನೇ ಅಪರಾಧ, ಹಾಗಾಗಿ ಪದ ಕೂಡ ಹಿಂದೆ ಸರೀತಾ ಇದೆ, ನನ್ನ ತಮ್ಮನಿಗೇ ಗೊತ್ತಿರಲಿಲ್ಲ. ಪಕ್ಕದ ಮನೆಯವ್ರು ಮಾಡೋದು ಹೆಚ್ಚುಕಮ್ಮಿ ಮರಸು ಕೂರೋದೇ, ಅಟ್ಟಣೆ ಬದಲು ಜೋಲಿ ಅಷ್ಟೇ. ನಾನು ಇಷ್ಟು ದಿನ ಮರದ ಮೇಲೆ ಕೂರೋದಕ್ಕೆ ಮರಸು ಅಂತಾರೆ ಅನ್ಕೊಂಡಿದ್ದೆ. ಈಗ ಅದು ‘ಮರೆ’ಯಿಂದ ಬಂದಿರಬೇಕು ಅನ್ನಿಸ್ತಿದೆ. ಅಡಗೋ ಮರೆಗೆ ಹಳಗನ್ನಡದಲ್ಲಿ ಱ ಅನ್ನೋ ಬೇರೆ ಅಕ್ಷರ, ಮಱೆ, ಗಿಡಮರದ ಮರಕ್ಕೆ ಸಾದಾ ರ. ತಮಿಳಿನಲ್ಲಿ ಇವತ್ತಿಗೂ ಮಱೈ, ಮರಂ ಅಂತ ಬೇರೆ ಬೇರೆ ಬರೀತಾರೆ. ನಮ್ಮಲ್ಲಿ ಱ ಹೋಗಿ ರ ಒಂದೇ ಉಳಿದಿದ್ದರಿಂದ ಎರಡೂ ಕಿವಿಗೆ ಒಂದೇ ಥರ. ನೆಲದ ಮೇಲೆ ಪೊದೆ ಹಿಂದೆ, ಗುಂಡಿ ತೋಡಿ ಕೂರೋದಕ್ಕೂ ನಿಮ್ಮ ಕಡೆ ‘ಮರಸು’ ಅಂತಿದ್ರಾ? ಅಂತಿದ್ರೆ ಮರೆ ಅನ್ನೋದು ಗಟ್ಟಿ ಆಯ್ತು. ಕೊಪ್ಪ, ತೀರ್ಥಹಳ್ಳಿ, ಮಡಿಕೇರಿ ಕಡೆ ಹಿರಿಯರು ಮನೇಲಿ ಇದ್ರೆ ಒಮ್ಮೆ ಕೇಳಿ ಬರೀರಿ, ಹಾಳೆ ಮುಂದಿನ ಕೊಯ್ಲಿಗೆ ಮುಂಚೆ ಕಳಿಸಬೇಕು.