ಅಪ್ಪನ 46, ಅಮ್ಮನ 46: ಮಗುವಿಗೆ 92 ಏಕಲ್ಲ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ): ತಂದೆಯ 46, ತಾಯಿಯ 46 ವರ್ಣತಂತುಗಳು (ಕ್ರೋಮೋಸೋಮ್, ಜೀವಕೋಶದೊಳಗೆ ಆನುವಂಶಿಕ ಗುಣ ಹೊತ್ತ ಎಳೆಗಳು) ಸೇರಿದರೆ ಮಗುವಿಗೆ 92, ಮೊಮ್ಮಗುವಿಗೆ 184 ಆಗಬೇಕಲ್ಲವೇ? ಮಿಯಾಸಿಸ್‌ನಲ್ಲಿ (ಅಂಡ, ವೀರ್ಯಾಣು, ಪರಾಗಗಳಿಗಾಗಿ ನಡೆಯುವ ಕೋಶವಿಭಜನೆಯಲ್ಲಿ) ಅರ್ಧವಾಗುತ್ತದೆ ಎನ್ನುತ್ತಾರೆ. ಆದರೆ ಅಲ್ಲೂ ಮೊದಲು ನಕಲಾಗುತ್ತದಂತೆ. ಮತ್ತೆ ಅರ್ಧವಾಗುವುದು ಯಾವ ಹಂತದಲ್ಲಿ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕ): ಒಳ್ಳೆಯ ಪ್ರಶ್ನೆ. ನಕಲಾಗುವುದು ಒಂದೇ ಸಲ, ವಿಭಜನೆ ಮಾತ್ರ ಎರಡು ಸಲ. ಗುಟ್ಟು ಇರುವುದು ಅಲ್ಲಿ.

ಈರುಳ್ಳಿಯನ್ನೇ ನೋಡಿ. ಅದರ ಬೇರಿನ ತುದಿಯ ಕೋಶದಲ್ಲಿ 16 ವರ್ಣತಂತುಗಳು. ನಕಲಾದ ಮೇಲೆ ಪ್ರತಿಯೊಂದೂ ಸೊಂಟದ ಬಳಿ ಅಂಟಿಕೊಂಡ ಎರಡು ಎಳೆ. ಮೈಟಾಸಿಸ್‌ನಲ್ಲಿ (ಮೈ ಬೆಳೆಯುವಾಗಿನ ಸಾಮಾನ್ಯ ಕೋಶವಿಭಜನೆಯಲ್ಲಿ) ಆ ಸೊಂಟ ಬಿಡುತ್ತದೆ, ಎಳೆಗಳು ಆಚೆಗೊಂದು ಈಚೆಗೊಂದು ಹೋಗುತ್ತವೆ. ಎರಡೂ ಕಡೆ ಮತ್ತೆ 16.

ಈಗ ಮಿಯಾಸಿಸ್ ನೋಡಲು ಅದೇ ಗಿಡದ ಅರಳದ ಮೊಗ್ಗಿನಿಂದ ಪರಾಗಕೋಶವನ್ನು ಬಿಡಿಸಿ, ಅಸಿಟೋಕಾರ್ಮಿನ್ (ವರ್ಣತಂತುಗಳಿಗೆ ಬಣ್ಣ ಕೊಡುವ ದ್ರಾವಣ) ಹನಿಯಲ್ಲಿಟ್ಟು, ಗಾಜಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ಮೊಗ್ಗಿನ ವಯಸ್ಸು ಸರಿಯಾಗಿದ್ದರೆ 16 ಬಿಡಿ ತಂತುಗಳು ಕಾಣುವುದಿಲ್ಲ. 8 ಜೋಡಿಗಳು ಕಾಣುತ್ತವೆ. ಅಪ್ಪನಿಂದ ಬಂದದ್ದು ಅಮ್ಮನಿಂದ ಬಂದ ತನ್ನ ಜೊತೆಗಾರನನ್ನು ಹುಡುಕಿ ತಬ್ಬಿಕೊಂಡಿರುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಈ ನೋಟ ಹಳತಾಗಿಲ್ಲ. ಮೊದಲ ವಿಭಜನೆ ಬೇರ್ಪಡಿಸುವುದು ಈ ಜೋಡಿಯನ್ನು, ಸೊಂಟವನ್ನಲ್ಲ. ಅರ್ಧವಾಗುವುದು ಇಲ್ಲಿಯೇ: ಒಂದೊಂದು ಕಡೆಗೆ 8. ಎರಡನೆಯದರಲ್ಲಿ ಹೊಸ ನಕಲಿಲ್ಲದೆ ಸೊಂಟ ಬಿಡುತ್ತದೆ. ಪರಾಗದ 8, ಅಂಡದ 8, ಬೀಜದೊಳಗಿನ ಸಸಿಗೆ 16.

1883ರಲ್ಲಿ ಬೆಲ್ಜಿಯಂನ ಜೀವವಿಜ್ಞಾನಿ ವಾನ್ ಬೆನೆಡೆನ್ ಕುದುರೆಯ ಕರುಳಿನ ದುಂಡುಹುಳುವಿನಲ್ಲಿ ಈ ಲೆಕ್ಕವನ್ನು ಕಣ್ಣಾರೆ ಕಂಡರು: ಅಂಡದಿಂದ 2, ವೀರ್ಯಾಣುವಿನಿಂದ 2, ಭ್ರೂಣದಲ್ಲಿ 4.

ಮರುಪ್ರಶ್ನೆ (ಬಾಳೆ ಬೆಳೆಗಾರ): ರಸಬಾಳೆಯಲ್ಲಿ ಬೀಜವಿಲ್ಲದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇದೆ. ಅದರ ಪೂರ್ವಜರಾದ ಕಾಡುಬಾಳೆಗಳಲ್ಲಿ 22 ವರ್ಣತಂತುಗಳು, ಅಂದರೆ 11 ಜೋಡಿ. ಹಣ್ಣಿನ ತುಂಬ ಗಟ್ಟಿ ಬೀಜ. ರಸಬಾಳೆಯಲ್ಲಿ 33, ಪ್ರತಿ ಬಗೆಯದೂ ಮೂರು ಮೂರು. ಮೂವರನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಮೂರನೆಯದು ಯಾವ ಕಡೆಗಾದರೂ ಹೋಗಬಹುದು. ಹೀಗೆ ಲೆಕ್ಕ ತಪ್ಪಿದ ಪರಾಗ, ಅಂಡಗಳು ಬಹುಪಾಲು ಬಂಜೆ. ಬೀಜವಿಲ್ಲದೆಯೂ ಕಾಯಿ ತುಂಬುವುದು ಬಾಳೆಗಿರುವ ಬೇರೆಯೇ ಗುಣ.

ಆದರೆ ನೀವು ನೆಡುವ ಕಂದು ಬೆಳೆಯುವುದು ಮೈಟಾಸಿಸ್‌ನಿಂದ. ಅದಕ್ಕೆ ಜೋಡಿಯ ಹಂಗಿಲ್ಲ. ತಾಯಿಗಿಡದ 33 ಕಂದಿಗೂ 33 ಆಗಿಯೇ ಇಳಿಯುತ್ತದೆ. ನಾಳೆ ಒಂದು ಹಣ್ಣನ್ನು ಉದ್ದಕ್ಕೆ ಸೀಳಿ ನೋಡಿ. ನಡುವೆ ಸಾಲಾಗಿ ಕಾಣುವ ಕಪ್ಪು ಚುಕ್ಕಿಗಳು ಬೀಜವಾಗಲಾರದೆ ಉಳಿದ ಅಂಡಕಗಳು.