ಮರಿ ಆಮೆಗೆ ರಾತ್ರಿಯ ಚಳಿ: ಆಮೆ ಸಾಕುವವರ ಗುಂಪಿನಲ್ಲಿ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಶಿರಸಿ ಸದಸ್ಯೆ: ನಮಸ್ಕಾರ ಡಾಕ್ಟರೇ. ನಮ್ಮಲ್ಲಿ ಮೂರು ತಿಂಗಳ ಸಲ್ಕಾಟಾ ಆಮೆ ಮರಿ ಇದೆ, ತೂಕ 52 ಗ್ರಾಂ. ಚಳಿಯಾಗಬಾರದೆಂದು ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಲ ಒಲೆಯ ಪಕ್ಕ ಇಡುತ್ತೇವೆ. ಕೆಳಗೆ ಅಡಿಕೆ ಸಿಪ್ಪೆಯ ಪುಡಿ ಹಾಸಿದ್ದೇವೆ. ಎರಡು ದಿನದಿಂದ ಮೂಗಿನಲ್ಲಿ ಗುಳ್ಳೆ ಬರುತ್ತಿದೆ. ದಾಸವಾಳದ ಎಲೆಯನ್ನೂ ಮುಟ್ಟುತ್ತಿಲ್ಲ.

ಪಶುವೈದ್ಯರು: ತಂಗಿ, ಪೆಟ್ಟಿಗೆಯನ್ನು ಈಗಲೇ ಬಚ್ಚಲುಮನೆಯಿಂದ ಹೊರಗೆ ತನ್ನಿ. ಒಲೆ ರಾತ್ರಿ ಹತ್ತಕ್ಕೆ ಕೆಂಡ, ಬೆಳಗಿನ ಜಾವ ಮೂರಕ್ಕೆ ಬೂದಿ. ಆಮೆಯ ಮೈ ನಮ್ಮಂತೆ ಒಳಗಿನಿಂದ ಕಾವು ಹುಟ್ಟಿಸಿಕೊಳ್ಳುವುದಿಲ್ಲ. ಪೆಟ್ಟಿಗೆ 16 ಡಿಗ್ರಿಗೆ ಇಳಿದರೆ ಮರಿಯೂ ಅಷ್ಟಕ್ಕೇ ಇಳಿಯುತ್ತದೆ. ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಅದರ ಮೇಲೆ ಒಲೆಯ ಹೊಗೆ, ಸಿಪ್ಪೆಯ ದೂಳು. ಆಮೆಗೆ ನಮಗಿರುವಂತಹ ವಪೆಯಿಲ್ಲ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು), ಕೆಮ್ಮಿ ಕಫವನ್ನು ಹೊರಹಾಕಲಾರದು. ಅದಕ್ಕೇ ಈ ಗುಳ್ಳೆಯನ್ನು ಬರೀ ನೆಗಡಿ ಎಂದು ಬಿಡಬೇಡಿ.

ಇವತ್ತಿನ ರಾತ್ರಿಗೆ: ಗಾಳಿಗೆ ತೂತು ಮಾಡಿದ ಥರ್ಮೋಕೋಲ್ ಪೆಟ್ಟಿಗೆ, ಒಂದು ಬದಿಯಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಮೂರು ಗಂಟೆಗೊಮ್ಮೆ ಎದ್ದು ನೀರು ಬದಲಿಸಿ. ನಾಳೆ ಮರದ ಪೆಟ್ಟಿಗೆ ಮಾಡಿಸಿ, ಬೆಳಕು ಕೊಡದ ಸೆರಾಮಿಕ್ ಹೀಟರನ್ನು ಮೇಲಿನಿಂದ ತೂಗುಹಾಕಿ, ಸುತ್ತ ತಂತಿ ಬಲೆ ಕಟ್ಟಿ. ಕಾವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ, ಅದರ ಕಾವು ಅಳೆಯುವ ತುದಿ ಮರಿಯ ಬೆನ್ನಿನ ಎತ್ತರದಲ್ಲಿರಲಿ. ಈ ಹೀಟರನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಕಬೇಡಿ, ಬೆಂಕಿ ಹತ್ತುತ್ತದೆ. ಮರಿ ಗುಣವಾಗುವವರೆಗೆ ಹಗಲೂ ರಾತ್ರಿಯೂ 28ರಿಂದ 30 ಡಿಗ್ರಿ, ಆಮೇಲೆ ರಾತ್ರಿ 26. ಹಾಸಲು ಸ್ವಲ್ಪ ತೇವ ಮಾಡಿದ ತೆಂಗಿನ ನಾರಿನ ಪುಡಿ. ತೇವ ಬೇಕು, ಆದರೆ ತೇವದ ಜೊತೆ ಚಳಿ ಸೇರಿದರೆ ಮರಿ ಉಳಿಯುವುದಿಲ್ಲ. ಮೈ ಬೆಚ್ಚಗಾಗುವ ಮೊದಲು ಬಾಯಿಗೆ ಏನನ್ನೂ ತುರುಕಬೇಡಿ. ಕುತ್ತಿಗೆ ಚಾಚಿ ಬಾಯಿ ತೆರೆದು ಉಸಿರಾಡಿದರೆ ಯಾವ ಹೊತ್ತಾದರೂ ಫೋನ್ ಮಾಡಿ.

ಕುಮಟಾ ಸದಸ್ಯ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದದ್ದು: ನೆಗಡಿಯ ಮುಲಾಮು ಮೂಗಿಗೆ ಸವರಿ, ಎರಡು ಹನಿ ಬ್ರಾಂದಿ ಕುಡಿಸಿ, ನಾಯಿಯ ಐವರ್ಮೆಕ್ಟಿನ್ ಮಾತ್ರೆಯಲ್ಲಿ ಕಾಲು ಭಾಗ ಕೊಡಿ. ಅನೇಕರಿಗೆ ಗುಣವಾಗಿದೆಯಂತೆ.

ಪಶುವೈದ್ಯರು: ಅದನ್ನು ಯಾರೂ ಮಾಡಬೇಡಿ. ಐವರ್ಮೆಕ್ಟಿನ್ ಆಮೆಗೆ ವಿಷ. ಕೈಕಾಲು ಸೋತು, ಉಸಿರು ನಿಂತು ಸಾಯುತ್ತದೆ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ಕುಮಟಾ ಸದಸ್ಯ: ಒಳ್ಳೆಯದಾಗಲಿ ಎಂದು ಹಾಕಿದೆ ಡಾಕ್ಟರೇ.

ಪಶುವೈದ್ಯರು: ಗೊತ್ತು. ಆದರೂ ಅಳಿಸಿ.

ಯಲ್ಲಾಪುರ ಸದಸ್ಯ: ರಾತ್ರಿ ಎಷ್ಟು ಡಿಗ್ರಿ ಇರಬೇಕು? ಕೆಂಪು ಬಲ್ಬು ಆಗುತ್ತದೆಯೇ?

ಪಶುವೈದ್ಯರು: ಮೇಲೆ ಬರೆದಿದ್ದೇನೆ. ಕೆಂಪು ಬಲ್ಬು ಬೇಡ, ನಿದ್ದೆ ಕೆಡುತ್ತದೆ.

ಕಾರವಾರ ಸದಸ್ಯ: ನಮ್ಮ ಕರಾವಳಿಯಲ್ಲಿ ಇದ್ಯಾವುದೂ ಬೇಡ. ಸೆಕೆಗೆ ನಾವೇ ಬೇಯುತ್ತೇವೆ. ಘಟ್ಟದ ಮೇಲಿನವರಿಗೆ ಮಾತ್ರ ಈ ಚಿಂತೆ.

ಅಂಕೋಲಾ ಸದಸ್ಯೆ: ಡಿಸೆಂಬರಿನಲ್ಲಿ ಬೆಳಗಿನ ಜಾವ ಎದ್ದು ನೋಡಿದ್ದೀರಾ ಅಣ್ಣ? ಕಳೆದ ವರ್ಷ ನನ್ನ ಮರಿ ಹೋದದ್ದು ಕರಾವಳಿಯಲ್ಲೇ. ಅಷ್ಟಕ್ಕೂ ನಿಮ್ಮದು ನಕ್ಷತ್ರ ಆಮೆ, ಸಾಕುವುದೇ ಅಪರಾಧ.

ಕಾರವಾರ ಸದಸ್ಯ: ಹಾಗಾದರೆ ಸಲ್ಕಾಟಾಕ್ಕೆ ಕಾನೂನಿಲ್ಲವೇ? ನಿಮ್ಮದರ ಕಾಗದ ತೋರಿಸಿ, ಆಮೇಲೆ ನನಗೆ ಬುದ್ಧಿ ಹೇಳಿ.

ಅಂಕೋಲಾ ಸದಸ್ಯೆ: ಮರಿಯೇ ಇಲ್ಲದ ಮೇಲೆ ಕಾಗದ ಎಲ್ಲಿಂದ ತರಲಿ?

ಪಶುವೈದ್ಯರು: ಇಬ್ಬರೂ ನಿಲ್ಲಿಸಿ. ನಕ್ಷತ್ರ ಆಮೆ ನಮ್ಮ ನೆಲದ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಿ. ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನದು. ಸಾಕಿದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕರಾವಳಿಯ ಪ್ರಶ್ನೆಗೆ ಥರ್ಮಾಮೀಟರ್ ಉತ್ತರ ಕೊಡುತ್ತದೆ, ಇಟ್ಟು ನೋಡಿ.

ಹೊನ್ನಾವರ ಸದಸ್ಯ: ಕಾಸರಕೋಡ ಟೊಂಕದ ಕಡಲತೀರದ ಮರಳಿನಲ್ಲಿ ಬೆಳಿಗ್ಗೆ ಒಂದು ಮರಿ ಸಿಕ್ಕಿತು. ಕೈಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದೆ. ಟಬ್ಬಿನಲ್ಲಿ ನೀರು ಹಾಕಿ ಬಲ್ಬಿನ ಕೆಳಗೆ ಇಟ್ಟಿದ್ದೇನೆ.

ಪಶುವೈದ್ಯರು: ಅದು ಕಡಲಾಮೆ. ಬಲ್ಬು ಆರಿಸಿ, ನೀರಿನಿಂದ ತೆಗೆದು ತೇವದ ಮರಳಿನ ಮೇಲೆ ಕತ್ತಲಲ್ಲಿ ಇಡಿ, ಈಗಲೇ ಅರಣ್ಯ ಇಲಾಖೆಗೆ ತಿಳಿಸಿ. ನಾಳೆಯವರೆಗೆ ಇಟ್ಟುಕೊಳ್ಳಬೇಡಿ.

ಸಿದ್ದಾಪುರ ಸದಸ್ಯೆ: ಮರಿ ಗಂಡೋ ಹೆಣ್ಣೋ ಹೇಗೆ ತಿಳಿಯುವುದು?

ಕುಮಟಾ ಸದಸ್ಯ: ಕೆಳಗೆ ಹೀಟಿಂಗ್ ಪ್ಯಾಡ್ ಇಟ್ಟರೆ ಸಾಕಲ್ಲವೇ?

ಪಶುವೈದ್ಯರು: ಸಾಲದು. ಕೆಳಚಿಪ್ಪು ಸುಟ್ಟರೂ ಮರಿ ಅಲ್ಲೇ ಮಲಗಿರುತ್ತದೆ.

ಯಲ್ಲಾಪುರ ಸದಸ್ಯ: ಹಾಗಾದರೆ ರಾತ್ರಿ ಎಷ್ಟು ಡಿಗ್ರಿ, ಡಾಕ್ಟರೇ?

ಪಶುವೈದ್ಯರು: ಮೇಲೆ ಓದಿ. ಇನ್ನೊಮ್ಮೆ ಬರೆಯುವುದಿಲ್ಲ.

ಶಿರಸಿ ಸದಸ್ಯೆ: ಡಾಕ್ಟರೇ, ಈಗ ಮೂರೂಕಾಲು ಗಂಟೆ. ಎರಡನೆಯ ಸಲ ಬಾಟಲಿ ಬದಲಿಸಿದೆ. ಪೆಟ್ಟಿಗೆಯಲ್ಲಿ 28 ಇದೆ. ಗುಳ್ಳೆ ನಿಂತಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿದೆ, ಕೈಗೆತ್ತಿಕೊಂಡರೆ ಕಾಲು ಝಾಡಿಸುತ್ತದೆ.

ಪಶುವೈದ್ಯರು: ಒಳ್ಳೆಯ ಲಕ್ಷಣ. ಎಂಟು ಗಂಟೆಗೆ ಕರೆದುಕೊಂಡು ಬನ್ನಿ, ಇಂಜೆಕ್ಷನ್ ಶುರುಮಾಡೋಣ. ದಾರಿಯಲ್ಲೂ ಬಾಟಲಿ ಪೆಟ್ಟಿಗೆಯಲ್ಲೇ ಇರಲಿ.