ಹಲ್ಲಿಗೆ ವಿನೀರ್ ಹಾಕಿಸಿಕೊಂಡವರು ಮುಂಬೈ, ಪುಣೆ ಕಡೆ ಯಾರಾದರೂ ಇದ್ದೀರಾ?

ಕೇಳಿದವರು, ಡೊಂಬಿವಲಿಯಿಂದ:
ನಮಸ್ಕಾರ. ನನ್ನ ಊರು ಮುಂಡರಗಿ ಕಡೆ, ಬೋರ್‌ವೆಲ್ ನೀರು ಕುಡಿದು ಬೆಳೆದವಳು. ಮೇಲಿನ ಹಲ್ಲುಗಳ ಮೇಲೆ ಕಂದು ಗೆರೆ, ಅಲ್ಲಲ್ಲಿ ಸುಣ್ಣ ಮೆತ್ತಿದ ಹಾಗೆ ಬಿಳಿ ಮಚ್ಚೆ. ಫೋಟೋ ಅಂದರೆ ತುಟಿ ಬಿಚ್ಚುವುದಿಲ್ಲ. ಡಿಸೆಂಬರ್‌ನಲ್ಲಿ ಮದುವೆ. ಇಲ್ಲಿ ಒಂದು ಕ್ಲಿನಿಕ್‌ನವರು ಹತ್ತು ಹಲ್ಲಿಗೆ ಪೋರ್ಸಲೀನ್ ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹೊದಿಕೆ) ಹಾಕೋಣ, ಇವತ್ತೇ ಮುಂಗಡ ಕಟ್ಟಿದರೆ ಡಿಸ್ಕೌಂಟ್ ಅಂದರು. ಹಾಕಿಸಿಕೊಳ್ಳಲಾ? ಆಮೇಲೆ ನೋಡಿಕೊಳ್ಳುವುದು ಹೇಗೆ?

ಠಾಣೆಯಿಂದ:
ತಂಗಿ ಅಂದುಕೊಂಡು ಏಕವಚನದಲ್ಲೇ ಹೇಳುತ್ತೇನೆ, ಬೇಜಾರಾಗಬೇಡ. ಮುಂಗಡ ಕಟ್ಟಬೇಡ. ಸೀರೆ ಅಂಗಡಿಯ ಹಾಗೆ 'ಇವತ್ತೇ' ಅನ್ನುವ ಡೆಂಟಿಸ್ಟ್ ಹತ್ತಿರ ನಾನಂತೂ ಬಾಯಿ ತೆರೆಯುವುದಿಲ್ಲ.

ನಾನು ಆರು ಪೋರ್ಸಲೀನ್ ಹಾಕಿಸಿಕೊಂಡು ಎಂಟು ವರ್ಷ ಆಯಿತು. ಹಾಕಿಸಿದ್ದಕ್ಕೆ ಬೇಸರವಿಲ್ಲ. ಆದರೆ ಒಂದು ಮಾತು ತಿಳಿದುಕೋ. ವಿನೀರ್ ಅಂಟಿಸಲು ಹಲ್ಲಿನ ಮುಂಭಾಗವನ್ನು ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೇಯುತ್ತಾರೆ. ಕೇಳಲಿಕ್ಕೆ ಇಷ್ಟೇನಾ ಅನಿಸುತ್ತದೆ. ಒಸಡಿನ ಹತ್ತಿರ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇರುವುದೇ ಹೆಚ್ಚುಕಡಿಮೆ ಅಷ್ಟು! ಹೋದ ಎನಾಮೆಲ್ ಉಗುರಿನ ಹಾಗೆ ಮತ್ತೆ ಬೆಳೆಯುವುದಿಲ್ಲ. ಅಂಟು ಗಟ್ಟಿಯಾಗಿ ಹಿಡಿಯುವುದೂ ಎನಾಮೆಲ್ ಮೇಲೆಯೇ, ಅದರ ಕೆಳಗಿನ ಪದರದ ಮೇಲೆ ಅಷ್ಟು ನಂಬಿಕೆಯಿಲ್ಲ. ಚೆನ್ನಾಗಿ ನೋಡಿಕೊಂಡರೆ 10-15 ವರ್ಷ ಬರುತ್ತದೆ. ನಿನ್ನ ವಯಸ್ಸಿಗೆ ಲೆಕ್ಕ ಹಾಕು, ಜೀವನದಲ್ಲಿ ಎರಡು ಮೂರು ಸಲವಾದರೂ ಬದಲಾಯಿಸಬೇಕಾಗುತ್ತದೆ.

ಆಮೇಲೆ, ಅವರು ಟ್ರಯಲ್ ತೋರಿಸಿದರಾ? ನನ್ನ ಡಾಕ್ಟರು ಮೊದಲು ಅಳತೆ ತೆಗೆದು ಮೇಣದಲ್ಲಿ ಹಲ್ಲು ಮಾಡಿಸಿದರು. ಅದರ ಅಚ್ಚಿನಲ್ಲಿ ಒಂದು ಪೇಸ್ಟ್ ತುಂಬಿ, ಹಲ್ಲು ಒಂಚೂರೂ ತೇಯದೆ ಮೇಲೆಯೇ ಒತ್ತಿದರು. ಕೆಲವು ನಿಮಿಷಕ್ಕೆ ಗಟ್ಟಿಯಾಯಿತು. 'ಫಿಫ್ಟಿ ಫೈವ್ ಅನ್ನಿ' ಅಂದರು. ಅಂದೆ. ಮುಂದಿನ ಎರಡು ಹಲ್ಲು ಕೆಳತುಟಿಗೆ ಟಕ್ ಅಂತ ಹೊಡೆದವು. ಸ್ವಲ್ಪ ಉಜ್ಜಿದರು. ಮತ್ತೆ ಫಿಫ್ಟಿ ಫೈವ್. ನಾಲ್ಕನೇ ಸಲಕ್ಕೆ ಮಾತು ಸರಿಯಾಯಿತು. ಬಣ್ಣವನ್ನು ಲೈಟ್ ಕೆಳಗೆ ನೋಡಲಿಲ್ಲ, ಲಿಪ್‌ಸ್ಟಿಕ್ ಒರೆಸಿಸಿ ಕಿಟಕಿಯ ಹತ್ತಿರ ನಿಲ್ಲಿಸಿದರು. ನನಗೆ ಎಲ್ಲಕ್ಕಿಂತ ಬಿಳಿ ಬೇಕಿತ್ತು. ಕೈಗೆ ಕನ್ನಡಿ ಕೊಟ್ಟು 'ಕೆಳಗಿನ ಹಲ್ಲು ಎಲ್ಲಿ ಬಚ್ಚಿಡುತ್ತೀರಿ?' ಅಂದರು. ಅಲ್ಲಿಗೆ ನನ್ನ ಆಸೆ ಮುಗಿಯಿತು.

ಬ್ಲೀಚ್ ಮಾಡಿಸುವುದಿದ್ದರೆ ಮೊದಲೇ ಆಗಬೇಕು, ಪೋರ್ಸಲೀನ್ ಬ್ಲೀಚಿಗೆ ಬಿಳಿಯಾಗುವುದಿಲ್ಲ. ಬ್ಲೀಚ್ ಆದ ಮೇಲೆ ಎರಡು ವಾರ ಬಿಟ್ಟು ಅಂಟಿಸುತ್ತಾರೆ, ಇಲ್ಲವಾದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮದುವೆ ತಾರೀಖಿನಿಂದ ಹಿಂದಕ್ಕೆ ಎಣಿಸು.

ಪುಣೆ, ಕೋಥ್ರೂಡ್‌ನಿಂದ:
ನಾನು ಕಾಂಪೋಸಿಟ್ ಗಿರಾಕಿ. ಹಲ್ಲಿನ ಬಣ್ಣದ ಪೇಸ್ಟ್ ಹಚ್ಚಿ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರಲ್ಲ, ಅದು. ನಾಲ್ಕು ಹಲ್ಲು, ಒಂದೇ ದಿನದಲ್ಲಿ ಮುಗಿಯಿತು. ಪೋರ್ಸಲೀನ್‌ಗೆ ಹೇಳಿದ ರೇಟಿನ ಅರ್ಧವೂ ಆಗಲಿಲ್ಲ. ತೇಯ್ದದ್ದೂ ಇಲ್ಲವೇ ಇಲ್ಲ ಅನ್ನಬಹುದು.

ಆದರೆ ಮುಂಬೈಗೆ ಹೋಗುವಾಗ ಲೋಣಾವಳದಲ್ಲಿ ಶೇಂಗಾ ಚಿಕ್ಕಿ ತಗೊಂಡೆ. ರೈಲು ಹೊರಡುವ ಮೊದಲೇ ಕಟುಂ! ಬಾಯಲ್ಲಿ ಶೇಂಗಾ ಯಾವುದು, ಹಲ್ಲು ಯಾವುದು ಗೊತ್ತಾಗಲಿಲ್ಲ. ಕರ್ಜತ್ ದಾಟುವವರೆಗೂ ಕರ್ಚೀಫಿನಲ್ಲಿ ಹುಡುಕಿದೆ. ಒಳ್ಳೆಯದೇನೆಂದರೆ, ಅರ್ಧ ಗಂಟೆಯಲ್ಲಿ ರಿಪೇರಿ ಆಯಿತು. ಪೋರ್ಸಲೀನ್ ಒಡೆದರೆ ಸಾಮಾನ್ಯವಾಗಿ ಹೊಸದೇ ಮಾಡಿಸಬೇಕು. ಕಾಂಪೋಸಿಟ್ ಚಹಾ, ಅರಿಶಿನದ ಬಣ್ಣ ಬೇಗ ಹೀರುತ್ತದೆ, ಆರು ತಿಂಗಳಿಗೊಮ್ಮೆ ಪಾಲಿಶ್ ಮಾಡಿಸುತ್ತೇನೆ. ಐದಾರು ವರ್ಷ ಬಂದರೆ ಸಾಕು ಅಂದುಕೊಂಡಿದ್ದೇನೆ. ಈಗ ಚಕ್ಕುಲಿ, ಕೋಡುಬಳೆ ಎಲ್ಲ ಕೈಯಲ್ಲಿ ಮುರಿದು ದವಡೆಗೆ.

ಮಾಟುಂಗಾದಿಂದ:
ಮಗಳೇ, ನಾನು ವಿನೀರ್ ಹಾಕಿಸಿದವನಲ್ಲ. ನನ್ನ ಮಗನಿಗೂ ನಿನ್ನದೇ ತೊಂದರೆ, ಎಂಟು ವರ್ಷದವರೆಗೆ ಊರಲ್ಲೇ ಬೆಳೆದವನು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದರೆ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ. ಅದಕ್ಕೇ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮುಂಬೈ ಸೆಂಟ್ರಲ್‌ನಲ್ಲಿ ನಾಯರ್ ದಂತ ಕಾಲೇಜು ಇದೆ, ಪಾಲಿಕೆಯದು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸು. ಸಾಲು ಉದ್ದ, ಖರ್ಚು ಕಡಿಮೆ. ಕಲೆ ಮೇಲುಮೇಲಿನದಾದರೆ ಮೈಕ್ರೋಅಬ್ರೇಷನ್ ಅಂತ ಮಾಡುತ್ತಾರೆ, ಆಸಿಡ್ ಪೇಸ್ಟ್ ಹಚ್ಚಿ ಕೂದಲೆಳೆಯಷ್ಟು ಪದರ ತೆಗೆಯುತ್ತಾರೆ. ಬಿಳಿ ಮಚ್ಚೆಗೆ ರೆಸಿನ್ ಅನ್ನುವ ತೆಳು ದ್ರವವನ್ನು ಒಳಗೆ ಇಳಿಸಿ ಗಟ್ಟಿ ಮಾಡುವ ಚಿಕಿತ್ಸೆಯೂ ಉಂಟು. ಇವೆಲ್ಲ ಆಗದಿದ್ದರೆ ಆಮೇಲೆ ವಿನೀರ್. ಮಗನಿಗೆ ಅಷ್ಟರಲ್ಲೇ ಆಯಿತು.

ಮಡಗಾಂವ್‌ನಿಂದ:
ನೋಡಿಕೊಳ್ಳುವುದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನದು ಎರಡು ಸಲ ಕಿತ್ತು ಬಂತು. ಎರಡನೇ ಸಲ ನಾಷ್ಟಾಕ್ಕೆ ಪಾವ್ ಕಚ್ಚುವಾಗ! ಮೊದಲು ಹಾಕಿದ ಕ್ಲಿನಿಕ್‌ನವರು ಅಂಟು ಸರಿಯಿಲ್ಲ ಅಂತ ಬರೀ ಮತ್ತೆ ಅಂಟಿಸಿದರು. ಬೇರೆಯವರ ಹತ್ತಿರ ಹೋದಾಗ ಗೊತ್ತಾಯಿತು, ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ. ಕೆಳಗಿನ ಹಲ್ಲಿನ ತುದಿ ಸವೆದಿದ್ದು ನೋಡಿಯೇ ಹೇಳಿದರು. ಈಗ ರಾತ್ರಿ ನೈಟ್ ಗಾರ್ಡ್ (ಹಲ್ಲಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಕವಚ) ಹಾಕಿ ಮಲಗುತ್ತೇನೆ. ಅದರ ಮೇಲೆ ಹಲ್ಲಿನ ಗುರುತು ಬಿದ್ದಿದ್ದು ನೋಡಿದರೆ ಹೆದರಿಕೆಯಾಗುತ್ತದೆ. ಮೊದಲು ಅಂಟಿಸಿದಾಗ ಸಂದಿಯಲ್ಲಿ ಸಿಮೆಂಟ್ ಬೇರೆ ಉಳಿದಿತ್ತು, ಆರು ತಿಂಗಳು ಒಸಡಿನಿಂದ ರಕ್ತ.

ವಿನೀರ್‌ಗೆ ಹುಳುಕು ಹಿಡಿಯುವುದಿಲ್ಲ, ಅದರ ಅಂಚಿನಲ್ಲಿ ನಮ್ಮದೇ ಹಲ್ಲಿದೆಯಲ್ಲ, ಅದಕ್ಕೆ ಹಿಡಿಯುತ್ತದೆ. ದಿನಾ ದಾರ ಹಾಕಿ ಸಂದಿ ತೆಗೆಯಬೇಕು. ಮೆತ್ತನೆ ಬ್ರಷ್. ಇದ್ದಿಲು ಪೇಸ್ಟ್, ಹಲ್ಲುಪುಡಿ ಬೇಡ, ಹೊಳಪು ಹೋಗುತ್ತದೆ. ಕ್ಲೀನಿಂಗ್‌ಗೆ ಕೂತ ಕೂಡಲೇ ವಿನೀರ್ ಇದೆ ಅಂತ ಹೇಳಿ. ಕೆಲವು ಫ್ಲೋರೈಡ್ ಜೆಲ್‌ಗಳಲ್ಲಿ ಆಸಿಡ್ ಇರುತ್ತದೆ, ಪೋರ್ಸಲೀನ್ ಮಂಕಾಗುತ್ತದೆ. ಅಡಿಕೆ, ಐಸ್, ಹಲ್ಲಲ್ಲಿ ಪ್ಯಾಕೆಟ್ ಹರಿಯುವುದು ಬಂದ್. ಕೋಕಂ ಹುಳಿಯ ಸೋಲ್‌ಕಡಿ ಮಾತ್ರ ಬಿಟ್ಟಿಲ್ಲ, ಕುಡಿದು ನೀರು ಮುಕ್ಕಳಿಸುತ್ತೇನೆ.

ಕೇಳಿದವರು, ಐದು ವಾರದ ನಂತರ:
ಅಕ್ಕಾ, ಮುಂಗಡ ಕಟ್ಟಲಿಲ್ಲ. ಮಾಟುಂಗಾದ ಕಾಕಾ ಹೇಳಿದ ಹಾಗೆ ನಾಯರ್‌ಗೆ ಹೋದೆ. ಹತ್ತು ಹಲ್ಲಿನ ಪ್ಲಾನ್ ನೋಡಿ ಅಲ್ಲಿನ ಡಾಕ್ಟರು ಏನೂ ಅನ್ನಲಿಲ್ಲ, ಕಾಗದ ಮಡಚಿ ನನಗೇ ವಾಪಸ್ ಕೊಟ್ಟರು. ಮೈಕ್ರೋಅಬ್ರೇಷನ್ ಎರಡು ಸಲ ಆಯಿತು. ಬಲಗಡೆಯ ಗೆರೆ ಮಾಸಿದೆ. ನಡುವಿನ ಎರಡು ಹಲ್ಲು ಮಾತ್ರ ಹಠ ಹಿಡಿದಿವೆ. ಈಗ ಬ್ಲೀಚ್, ಆಮೇಲೂ ಉಳಿದರೆ ಆ ಎರಡಕ್ಕೆ ಮಾತ್ರ ವಿನೀರ್ ಅಂದಿದ್ದಾರೆ.

ಹಲ್ಲು ಕಡಿಯುತ್ತೇನಾ ಅಂತ ರೂಮ್‌ಮೇಟ್ ಹತ್ತಿರ ಕೇಳಿದೆ. 'ಇಲ್ಲ, ಗೊರಕೆ ಅಷ್ಟೇ' ಅಂದಳು.